ಆಷಾಢಕ್ಕೆ ಎತ್ತಿಟ್ಟ ನಿದ್ದೆ

"ಆಸಾಡ ಬರ್ಲಿ ಬುಡವ್ವ" ಎನ್ನುವುದು ಅಡುಗೆ ಮೇಸ್ತ್ರಿಯ ಬಾಯಿಗೆ ಅಂಟಿಕೊಂಡಿದ್ದ ಮಾತು. ಹಲ್ಲುನೋವೇ, ಕೀಳಿಸುವುದು ಆಷಾಢದಲ್ಲಿ. ಹೆಂಡತಿಯ ಮಂಡಿಗೆ ಎಕ್ಸ್‌ರೇ ತೆಗೆಸಬೇಕೇ, ಆಷಾಢದಲ್ಲಿ. ಮನೆಯ ಹೆಂಚು ಕೈಯಾಡಿಸುವುದು, ತಂಗಿಯ ಮನೆಗೆ ಹೋಗಿಬರುವುದು, ಕಣ್ಣಿಗೆ ಕನ್ನಡಕ, ಕೊನೆಗೆ ನಿದ್ದೆ ಕೂಡ ಆಷಾಢಕ್ಕೇ. ಆ ತಿಂಗಳು ನಮ್ಮ ಕಡೆ ಮದುವೆಗಳಿಲ್ಲ. ಮದುವೆಯಿಲ್ಲದಿದ್ದರೆ ಬೀಗರ ಊಟವಿಲ್ಲ. ಬೀಗರ ಊಟವಿಲ್ಲದಿದ್ದರೆ ಅವರು ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಹೋದ ವರ್ಷವೂ ಆಷಾಢ ಬಂತು. ಅದನ್ನು ನೋಡಲು ಅವರಿರಲಿಲ್ಲ.

ನಾನು ಮದ್ದೂರಿನ ಒಂದು ಕಲ್ಯಾಣ ಮಂಟಪದ ಕಚೇರಿಯಲ್ಲಿ ಕೆಲಸ ಮಾಡುವವಳು. ಮಂಡ್ಯದಲ್ಲಿ ಬಿ.ಕಾಂ. ಓದಿದೆ. ಮಂಟಪದ ಬುಕಿಂಗು, ಜನರೇಟರು, ನೀರಿನ ಟ್ಯಾಂಕರು, ಬೀಗದ ಕೈಗಳ ಗೊಂಚಲು ಇವೆಲ್ಲ ನನ್ನ ಜವಾಬ್ದಾರಿ. ಅವರು ಮಳವಳ್ಳಿ ಕಡೆಯ ಹಳ್ಳಿಯವರು, ಬಾಡೂಟದ, ಅಂದರೆ ಮಾಂಸದೂಟದ, ಅಡುಗೆಯವರು. ಮದುವೆ ದಿನದ ಸಿಹಿಯೂಟ ಬೇರೆ ಅಡುಗೆಯವರದು. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನೂ ಊರವರನ್ನೂ ಕರೆದು ಹಾಕುವ ಬೀಗರ ಊಟ ಮಾತ್ರ ಇವರದು. ಎಲ್ಲರಿಗೂ ಅವರು ಮೇಸ್ತ್ರಿ. ನಾನು ಅಣ್ಣ ಎನ್ನುತ್ತಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಲೀಕರು "ಅಡುಗೆ ಎಲ್ಲಿಗೆ ಬಂತು, ಕೇಳ್ಕೊಂಡು ಬಾ" ಎಂದು ನನ್ನನ್ನು ಹಿಂದಕ್ಕೆ ಅಟ್ಟಿದರು. ಮಂಟಪದ ಹಿಂಬದಿಗೆ ತಗಡಿನ ಶೀಟು ಹೊದೆಸಿದ ಅಡುಗೆ ಕೊಟ್ಟಿಗೆಯಿದೆ. ಬಾಗಿಲಲ್ಲಿ ನಿಂತೆ. ಒಳಗೆ ಹೊಗೆ, ಬೆಂಕಿ, ಮಸಾಲೆಯ ಘಾಟು. ನಡುವೆ ಕುಳ್ಳಗಿನ, ಅಗಲ ಎದೆಯ ಮನುಷ್ಯ. ಮೈಮೇಲೆ ಬನಿಯನ್ನೂ ಇಲ್ಲ, ಪಂಚೆಯ ಮೇಲೆ ಬಿಗಿದು ಕಟ್ಟಿದ ಕೆಂಪು ಟವೆಲು.

"ಅಣ್ಣ, ಇನ್ನೂ ಎಷ್ಟು ಹೊತ್ತಾಗುತ್ತೆ?"

"ಯಾರವ್ವ ನೀನು?"

"ಆಫೀಸಿನವಳು."

"ಏನ್ ಓದಿದ್ದೀಯೆ?"

"ಬಿಕಾಂ."

ಅವರು ಎದುರಿಗಿದ್ದ ಬಾಮೈದನ ಕಡೆ ತಿರುಗಿದರು. "ಲೇ ನಿಂಗ, ಸೌದೆ ತಳ್ಳಲಾ. ಬಿಕಾಂ ಬಂದು ನಿಂತದೆ. ಹಿಟ್ಟು ಎದ್ರುಕೊಂಡು ಬಿರ್‍ರನೆ ಬೇಯ್ತದೆ."

ಕೊಟ್ಟಿಗೆಯೆಲ್ಲ ನಕ್ಕಿತು. ಅಂದಿನಿಂದ ಅವರಿಗೆ ನಾನು ಬಿಕಾಂ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ.

ರಾಗಿ ಮುದ್ದೆಯನ್ನು ನಮ್ಮಲ್ಲಿ ಹಿಟ್ಟು ಎನ್ನುತ್ತಾರೆ. ಊರಿಗೆ ಊರೇ ಉಣ್ಣುವ ಹಿಟ್ಟು ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಸೊಂಟದೆತ್ತರದ ಕೊಪ್ಪರಿಗೆಯ ಎದುರುಬದುರು ಇಬ್ಬರು ನಿಲ್ಲಬೇಕು. ಇಬ್ಬರ ಕೈಯಲ್ಲೂ ಒಂದೊಂದು ಉದ್ದನೆಯ ಮರದ ಕೋಲು. ಒಬ್ಬ ತಳ್ಳಿದಾಗ ಇನ್ನೊಬ್ಬ ಎಳೆಯಬೇಕು. ಇದಕ್ಕೆ ಹಿಟ್ಟು ತೊಳಸುವುದು ಎನ್ನುತ್ತಾರೆ. ತಾಳ ತಪ್ಪಿದರೆ ಹಿಟ್ಟು ಗಂಟು ಕಟ್ಟುತ್ತದೆ. ಹೆಚ್ಚು ತಪ್ಪಿದರೆ ಮನುಷ್ಯ ಬೀಳುತ್ತಾನೆ. ಮೇಸ್ತ್ರಿ ತಾಳ ಹಿಡಿಯುತ್ತಿದ್ದದ್ದು ಬೈಗುಳದಲ್ಲಿ. "ತಳ್ಳು ಕಣ್ಲಾ. ನಿಮ್ಮಕ್ಕನ್ನ ನಂಗೆ ಗಂಟಾಕಿ ಓಡೋದಾಗ ಇದ್ದ ಸಕ್ತಿ ಎಲ್ಲೋಯ್ತು ಈಗ?" ನಿಂಗರಾಜು ಅದೇ ತಾಳದಲ್ಲಿ "ಎಳ್ಕೊ ಭಾವ, ಎಳ್ಕೊ. ನಮ್ಮಕ್ಕನ ಕೈಯೂಟ ತಿಂದೂ ಇಂಗಾದ್ಯಲ್ಲ" ಎನ್ನುತ್ತಿದ್ದ. ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಭಾಗ್ಯಕ್ಕ, ಒಬ್ಬನಿಗೆ ಹೆಂಡತಿ, ಇನ್ನೊಬ್ಬನಿಗೆ ಅಕ್ಕ, ಇಬ್ಬರಿಗೂ ಸೇರಿಸಿ ಉಗಿಯುತ್ತಿದ್ದಳು.

ಉಪ್ಪು ನೋಡುವುದರಲ್ಲಿ ಅವರದೊಂದು ರೀತಿಯಿತ್ತು. ಸೌಟಿನ ತುದಿಯಿಂದ ಒಂದು ಹನಿ ಸಾರನ್ನು ಎಡಗೈಯ ಹಿಂಬದಿಗೆ ಬಿಟ್ಟುಕೊಳ್ಳುವರು. ಊದುವರು. ಕಣ್ಣು ಮುಚ್ಚಿ ನೆಕ್ಕುವರು. ಆಮೇಲೆ ನಾಲಿಗೆಯನ್ನು ಅಂಗುಳಿಗೆ ಹೊಡೆದು "ಟಕ್" ಎನಿಸುವರು. ಆ ಶಬ್ದ ಕೇಳುವವರೆಗೆ ಬಡಿಸುವವರು ಬಕೆಟ್ಟು ಮುಟ್ಟುತ್ತಿರಲಿಲ್ಲ.

ಒಲೆಯಿಂದ ಸ್ವಲ್ಪ ದೂರದಲ್ಲಿ ಒಂದು ಹರವಿ ತುಂಬ ಉಪ್ಪು ಹಾಕಿದ ನೀರುಮಜ್ಜಿಗೆ ಇರುತ್ತಿತ್ತು. ಕೋಲು ಬಿಟ್ಟು ಬಂದವನು ಒಂದು ಚೊಂಬು ಕುಡಿಯದೆ ಬೇರೆ ಕೆಲಸ ಮುಟ್ಟುವಂತಿಲ್ಲ ಎಂಬುದು ಅವರದೇ ಕಟ್ಟಳೆ. ಯಾರ ಮುಖ ಬಾಡಿದರೂ ಅವರಿಗೆ ಗೊತ್ತಾಗುತ್ತಿತ್ತು. ಪಾತ್ರೆ ತಿಕ್ಕುವ ಮುದುಕಿಯೊಬ್ಬಳು ಒಂದು ದಿನ ಸುಮ್ಮನೆ ಕೆಲಸ ಮಾಡುತ್ತಿದ್ದಳು, ಯಾರೊಂದಿಗೂ ಜಗಳವಿಲ್ಲ. ಮೇಸ್ತ್ರಿ ಹೋಗಿ ಅವಳ ಕೈಯಿಂದ ತೆಂಗಿನ ನಾರು ಕಿತ್ತುಕೊಂಡರು. "ಎದ್ದೋಗಮ್ಮಿ, ಆ ಮರದಡಿ ಮಲಿಕ್ಕೊ. ನೀನು ಬಯ್ಯದೆ ಪಾತ್ರೆ ತಿಕ್ತಾ ಇದ್ದೀಯೆ ಅಂದ್ರೆ ಮೈ ಸರಿ ಇಲ್ಲ." ಅವಳಿಗೆ ನಿಜವಾಗಿಯೂ ಜ್ವರ ಸುಡುತ್ತಿತ್ತು. ಇಷ್ಟು ತಿಳಿದ ಮನುಷ್ಯನಿಗೆ ತನ್ನ ಮುಖ ತನಗೆ ಕಾಣಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಲಗ್ನಗಳು ಒತ್ತೊತ್ತಾಗಿ ಬಿದ್ದವು. ಬಾಡೂಟದ ಅಡುಗೆ ಗೊತ್ತು ಮಾಡುವುದು ನಮ್ಮಲ್ಲಿ ಫೋನಿನಲ್ಲಿ ಮುಗಿಯುವುದಿಲ್ಲ. ಮನೆಯವರು ಬಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಡಬೇಕು. ಅದನ್ನು ತೆಗೆದುಕೊಂಡರೆ ಮುಗಿಯಿತು, ಆಕಾಶ ಕಳಚಿಬಿದ್ದರೂ ಆ ದಿನ ಆ ಒಲೆಯ ಮುಂದೆ ಇರಬೇಕು. ಬಂದವರ ತಟ್ಟೆಯನ್ನೆಲ್ಲ ಮೇಸ್ತ್ರಿ ತೆಗೆದುಕೊಂಡರು. ಇವತ್ತು ಹೊಳಲು, ನಾಳೆ ಮದ್ದೂರು, ನಾಳಿದ್ದು ಆತಗೂರು. ಗೂಡ್ಸ್ ಆಟೋದಲ್ಲಿ ಕೊಪ್ಪರಿಗೆಗಳ ನಡುವೆ ಕೂತೇ ಊರೂರಿಗೆ ಪಯಣ, ಅಲ್ಲೇ ತೂಕಡಿಕೆ.

ಒಂದು ದಿನ ನನ್ನ ಕಚೇರಿಯ ಮುಂದಿನ ಜಗಲಿಯಲ್ಲಿ ಗಂಡ ಹೆಂಡಿರಿಗೆ ಇದೇ ವಿಷಯಕ್ಕೆ ಮಾತು ಬೆಳೆಯಿತು.

"ಮಧ್ಯ ಒಂದಿನನಾದ್ರೂ ಬುಡು ಅಂದ್ರೆ ಕೇಳಾಕಿಲ್ಲ ಕಣವ್ವ ಈ ಮನುಸ" ಎಂದು ಭಾಗ್ಯಕ್ಕ ನನಗೆ ದೂರು ಹೇಳಿದಳು. "ಮೂರೊತ್ತೂ ಬೆಂಕಿ ಮುಂದೆ. ಮನೇಲಿ ಮಲಗಿ ಎಷ್ಟು ದಿನಾಯ್ತು ಕೇಳು."

"ಎಲೆ ಅಡ್ಕೆ ಮಡಗಿ ಕೈ ಮುಗುದ್ರೆ ಎಂಗೆ ಇಲ್ಲ ಅನ್ಲಿ?" ಎಂದರು ಮೇಸ್ತ್ರಿ. "ಈಗ ಮದ್ವೆಯಾಗೋ ಉಡುಗನ ಅಪ್ಪನ ಮದ್ವೇಲಿ ನಮ್ಮಪ್ಪ ಹಿಟ್ಟು ತೊಳ್ಸಿದ್ದ."

"ನಿಮ್ಮಪ್ಪ ಮರದಡಿ ತೊಳುಸ್ದ. ನೀನು ತಗಡಿನಡಿ ತೊಳುಸ್ತಾ ಇದ್ದೀಯೆ."

"ಆಸಾಡ ಬರ್ಲಿ ಬುಡಮ್ಮಿ. ತಿಂಗ್ಳು ಪೂರ್ತಿ ಮಲಗ್ತೀನಿ. ನೀನೇ ಬಂದು ಎಬ್ಬುಸ್ಬೇಕು, ಅಂಗೆ ಮಲಗ್ತೀನಿ."

ಆ ಮಾತನ್ನು ನಗುತ್ತಾ ಹೇಳಿದರು. ನಾನು ಅವರ ನಗು ಕಂಡದ್ದು ಅದೇ ಕೊನೆ.

ಆಮೇಲೆ ಒಂದೊಂದೇ ಬದಲಾಯಿತು, ಯಾವುದೂ ದೊಡ್ಡದಾಗಿ ಕಾಣಲಿಲ್ಲ. ಮೊದಲು ಮಜ್ಜಿಗೆಯ ಹರವಿ ಕಾಣೆಯಾಯಿತು. ಹಾಲಿಗೆ ಹೆಪ್ಪು ಹಾಕುವುದಕ್ಕೆ ಮನೆಯಲ್ಲಿ ಯಾರಿದ್ದರು? ಟೀ ಬಂತು. ಅವರು ಊಟ ಬಿಟ್ಟು ಟೀ ಕುಡಿಯತೊಡಗಿದರು. ಬೈಗುಳ ನಿಂತಿತು. ನಿಂಗರಾಜು ತಾನೇ ಕೆಣಕಿದರೂ ಉತ್ತರ ಬರುತ್ತಿರಲಿಲ್ಲ, ಇಬ್ಬರೂ ಸುಮ್ಮನೆ ತೊಳಸುವುದು ನೋಡಲು ಏನೋ ಒಂದು ಥರ ಆಗುತ್ತಿತ್ತು. ಹೊಳಲಿನ ಊಟದಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಭಾಗ್ಯಕ್ಕ ಹೇಳಿದಾಗ ಸೌಟನ್ನು ಗೋಡೆಗೆ ಬೀಸಿ ಎಸೆದರಂತೆ; ಅಷ್ಟು ವರ್ಷಗಳಲ್ಲಿ ಸೌಟು ಎಸೆದದ್ದು ಅದೇ ಮೊದಲು. ಅಲ್ಲಿಂದಾಚೆಗೆ ಉಪ್ಪು ನೋಡುವ ಕೆಲಸ ಅವಳಿಗೆ ಬಂತು. "ಟಕ್" ಎಂಬ ಶಬ್ದ ನಿಂತೇಹೋಯಿತು.

ಮದ್ದೂರಿನಲ್ಲಿ ಒಂದು ಮಧ್ಯಾಹ್ನ ಪಾತ್ರೆ ಕೋಣೆಗೆ ಬೀಗ ಹಾಕಲು ಹೋದೆ. ಗೋಡೆಗೆ ಒರಗಿಸಿದ ದೊಡ್ಡ ಕೊಪ್ಪರಿಗೆಯ ಹಿಂದೆ ಮೇಸ್ತ್ರಿ ಕೂತಿದ್ದರು. ಕಣ್ಣು ತೆರೆದೇ ಇತ್ತು, ಯಾವುದನ್ನೂ ನೋಡುತ್ತಿರಲಿಲ್ಲ.

"ಅಣ್ಣ, ಹುಷಾರಿಲ್ವಾ?"

"ಉಸಾರಾಗೇ ಅವ್ನಿ" ಎಂದರು.

"ಇಲ್ಲೇ ಹತ್ತಿರದಲ್ಲಿ ಡಾಕ್ಟರಿದ್ದಾರೆ. ತೋರಿಸಿಕೊಂಡು ಬನ್ನಿ."

"ಏನಂತ ಯೋಳ್ಲಿ ಡಾಕ್ಟ್ರಿಗೆ? ಜ್ವರ ಇಲ್ಲ, ಕೆಮ್ಮು ಇಲ್ಲ. ನಗು ಬರಾಕಿಲ್ಲ ಸ್ವಾಮಿ ಅಂತ ಯೋಳ್ಲಾ?"

ಮೇಸ್ತ್ರಿ ಪಂಚೆ ಕೊಡವಿ ಎದ್ದರು. "ಮಲಗಿದ್ರೂ ನಿದ್ದೆ ಬರಾಕಿಲ್ಲ ಕಣ್ ಬಿಕಾಂ. ಕಣ್ಣು ಮುಚ್ಚಿದ್ರೆ ಕೊಪ್ಪರ್ಗೆ ಕುದಿಯಾದೇ ಕಾಣ್ತದೆ" ಎಂದು ಹೇಳಿ ಒಲೆಯ ಕಡೆ ನಡೆದರು. ಅಲ್ಲಿ ಅವರಿಗಾಗಿ ಯಾರೋ ಕೂಗುತ್ತಿದ್ದರು.

ಆ ಬೇಸಿಗೆಯಲ್ಲೇ ನಮ್ಮ ಮಾಲೀಕರು ಊಟದ ಹಾಲಿಗೆ ಏಸಿ ಹಾಕಿಸಿದ್ದರು. ಕೊಟ್ಟಿಗೆಯ ಹೊಗೆ ಹಾಲಿಗೆ ನುಗ್ಗುತ್ತದೆಂದು ತೆರೆದಿದ್ದ ಒಂದು ಬದಿಗೂ ಶೀಟು ಹೊಡೆಸಿದರು. ಗಾಳಿ ಬರುತ್ತಿದ್ದದ್ದೇ ಆ ಬದಿಯಿಂದ. ನಿಂಗರಾಜು ಗೊಣಗಿದ. ಮೇಸ್ತ್ರಿ ತಲೆ ಬಗ್ಗಿಸಿ ಒಲೆಗೆ ಸೌದೆ ತಳ್ಳಿದರು. ಹಳೆಯ ಮೇಸ್ತ್ರಿಯಾಗಿದ್ದರೆ ಮಾಲೀಕರನ್ನೇ ಕರೆದು ಆ ಒಲೆಯ ಮುಂದೆ ನಿಲ್ಲಿಸುತ್ತಿದ್ದರು.

ವೈಶಾಖ ಮುಗಿಯುತ್ತಾ ಬಂದಿತ್ತು. ಅಂದು ಮಧ್ಯಾಹ್ನ ಎರಡನೆಯ ಪಂಕ್ತಿ ಕೂತಿತ್ತು. ಹಿಟ್ಟು ಸಾಲದೆಂದು ಬಡಿಸುವವರು ಕೂಗುತ್ತಿದ್ದರು. ಅದನ್ನು ಹೇಳಲೆಂದು ಕೊಟ್ಟಿಗೆಯ ಬಾಗಿಲಿಗೆ ಬಂದೆ. ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಮೇಸ್ತ್ರಿಯ ಬೆನ್ನು ನನ್ನ ಕಡೆಗಿತ್ತು. ಎದುರಿಗೆ ನಿಂಗರಾಜು, ಕೊಡಪಾನ ನೀರು ಸುರಿದುಕೊಂಡವನ ಹಾಗೆ ಬೆವರಿದ್ದ. ಭಾಗ್ಯಕ್ಕನ ರವಿಕೆ ಒದ್ದೆ, ಪಾತ್ರೆಯವರ ಹಣೆ ಒದ್ದೆ, ಬಾಗಿಲಲ್ಲಿ ನಿಂತ ನನ್ನ ಕುತ್ತಿಗೆಯೂ ಒದ್ದೆ. ಮೇಸ್ತ್ರಿಯ ಬೆನ್ನು ಮಾತ್ರ ಒಣಗಿತ್ತು. ಬೆಳಗಿನ ಬೆವರು ಆರಿ ಉಪ್ಪಿನ ಬಿಳಿ ಗೆರೆಗಳಾಗಿದ್ದವು. ಕಪ್ಪು ಮೈ ತಾಮ್ರದ ಪಾತ್ರೆಯಂತೆ ಕೆಂಪೇರಿತ್ತು. ಪರವಾಗಿಲ್ಲ, ಅಣ್ಣನಿಗೆ ಅಷ್ಟೇನೂ ಸೆಕೆಯಾಗಿಲ್ಲ ಅಂದುಕೊಂಡೆ.

ಆ ಬೆನ್ನನ್ನು ಅಂದಿನಿಂದ ನಾನು ಎಷ್ಟು ಸಲ ನೋಡಿದ್ದೇನೋ. ಬಸ್ಸಿನಲ್ಲಿ ಕೂತಾಗ, ಸ್ನಾನಕ್ಕೆ ನೀರು ತೋಡುವಾಗ, ಅನ್ನದ ತಟ್ಟೆಯ ಮುಂದೆ. ಪ್ರತಿ ಸಲವೂ ಒಣಗಿಯೇ ಇರುತ್ತದೆ.

"ಭಾವ, ತಾಳ ತಪ್ತಾ ಐತೆ" ಎಂದ ನಿಂಗರಾಜು. "ಕೋಲು ಬುಡು. ಬ್ಯಾರೆಯೋರು ಇಡ್ಕತಾರೆ."

ಮೇಸ್ತ್ರಿ ಕೋಲು ಬಿಡಲಿಲ್ಲ. ತಗಡಿನ ಕಡೆ ತಲೆಯೆತ್ತಿ ನೋಡಿದರು. "ಮಳೆ ಬತ್ತಾ ಐತೆ. ಸೌದೆ ಒಳೀಕೆ ಎತ್ತಾಕ್ರೋ, ನೆಂದೋಯ್ತದೆ" ಎಂದರು.

ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಕೊಟ್ಟಿಗೆಯೆಲ್ಲ ಹೋ ಎಂದು ನಕ್ಕಿತು. ಎಷ್ಟೋ ದಿನಗಳಿಂದ ಕಳೆದುಹೋಗಿದ್ದ ಮನುಷ್ಯ ತಿರುಗಿ ಬಂದಂತಾಗಿತ್ತು. ಭಾಗ್ಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಬಂತಪ್ಪ ನಮ್ಮೆಜಮಾನ್ರಿಗೆ ಜೀವ" ಎಂದಳು. ನಾನೂ ನಕ್ಕೆ. ಜೋರಾಗಿಯೇ ನಕ್ಕೆ.

"ಯಾರ ಮದ್ವೆಲಾ ಇದು?" ಎಂದು ಕೇಳಿದರು ಮೇಸ್ತ್ರಿ.

ಇನ್ನೊಮ್ಮೆ ನಗು ಎದ್ದಿತು. ಈ ಸಲ ನಿಂಗರಾಜು ನಗಲಿಲ್ಲ. ಅವನಿಗೆ ಅವರ ಕಣ್ಣು ಕಾಣುತ್ತಿತ್ತು.

ಕೋಲು ಕೈಯಿಂದ ಜಾರಿತು. ಕೊಪ್ಪರಿಗೆಯೊಳಗೆ ಏನನ್ನೋ ಹುಡುಕುವವರ ಹಾಗೆ ನಿಧಾನವಾಗಿ ಮುಂದಕ್ಕೆ ಬಾಗಿದರು. ಕುದಿಯುವ ಹಿಟ್ಟಿನ ಆವಿ ಅವರ ಮುಖವನ್ನು ಮುಚ್ಚಿತು. ನಿಂಗರಾಜು ತನ್ನ ಕೋಲು ಬಿಸಾಕಿ, ಕೊಪ್ಪರಿಗೆಯ ಮೇಲಿಂದಲೇ ಎರಡೂ ಕೈ ಚಾಚಿ ಅವರ ಎದೆಗೆ ಗುದ್ದಿದ. ಮೇಸ್ತ್ರಿ ಹಿಂದಕ್ಕೆ, ನನ್ನ ಕಾಲ ಬಳಿ ಬಿದ್ದರು. ನಿಂಗರಾಜುವಿನ ಮುಂಗೈ ಕೊಪ್ಪರಿಗೆಯ ಅಂಚಿಗೆ ಅಂಟಿ ಚರ್ಮ ಕಿತ್ತುಬಂತು. ಅವನು ಕೂಗಲೂ ಇಲ್ಲ.

ಕೂಗಿದ್ದು ಉಳಿದವರು. ಎಲ್ಲರೂ ಒಳಗೆ ನುಗ್ಗಿ ಸುತ್ತುವರಿದರು. ಮೇಸ್ತ್ರಿಯ ಕೈಕಾಲು ಅದುರುತ್ತಿತ್ತು. "ಫಿಟ್ಸು, ಫಿಟ್ಸು, ಕಬ್ಬಿಣ ಕೊಡ್ರಪ್ಪ" ಎಂದರು ಯಾರೋ. ನನ್ನ ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಕಿತ್ತುಕೊಂಡು ಅವರ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಬಾಯಿಗೆ ನೀರು ಬಿಟ್ಟರು. ಅದು ಕೆನ್ನೆಯ ಮೇಲೆ ಹರಿದುಹೋಯಿತು. ನಾನು ಹಣೆ ಮುಟ್ಟಿದೆ. ಒಲೆಯಿಂದ ಇಳಿಸಿದ ಪಾತ್ರೆ ಮುಟ್ಟಿದಂತಾಯಿತು. ಕೊಟ್ಟಿಗೆಯಲ್ಲಿ ನೀರು ತುಂಬಿದ ಡ್ರಮ್ಮುಗಳಿದ್ದವು. ಗೋಡೆಯ ಆಚೆ ಬದಿ ಏಸಿ ಹಾಲು, ತಣ್ಣಗೆ. ಅವರನ್ನು ಎತ್ತಿ ಅಲ್ಲಿ ಮಲಗಿಸಬೇಕೆಂದು, ಆ ಡ್ರಮ್ಮಿನ ನೀರನ್ನು ಮೈಮೇಲೆ ಸುರಿಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾರು ಬರುವವರೆಗೂ ತಗಡಿನಡಿಯೇ, ಒಲೆಯ ಪಕ್ಕದಲ್ಲೇ, ಮುಷ್ಟಿಯಲ್ಲಿ ಬೀಗದ ಕೈ ಹಿಡಿಸಿ ಮಲಗಿಸಿದ್ದೆವು.

ಹಾಲಿನಿಂದ ಯಾರೋ ಹಿರಿಯರು ಬಾಗಿಲಿಗೆ ಬಂದು, "ಏನ್ರಯ್ಯ, ಹಿಟ್ಟು ಬರ್ಲೇ ಇಲ್ವಲ್ಲ" ಎಂದು ಕೇಳಿದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಮೇಸ್ತ್ರಿಯ ಮೈಗೆ ಮಂಜುಗಡ್ಡೆ ಇಡಿಸಿ ಹೊರಗೆ ಬಂದು, "ಬೆವರು ನಿಂತುಹೋಗಿದ್ದು ಯಾರೂ ನೋಡಲಿಲ್ವಾ? ಅಸಂಬದ್ಧ ಏನಾದರೂ ಮಾತಾಡಿದರಾ?" ಎಂದು ಕೇಳಿದರು. ಭಾಗ್ಯಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಮಳೆ ಬತ್ತಾ ಐತೆ ಅಂದ್ರು" ಎಂದಳು ಅವಳೇ. "ನಾವು ನಕ್ಕೊ" ಎಂದು ಸೇರಿಸಿದಳು. ಇನ್ನು ಮುಂದೆ ಯಾರಿಗಾದರೂ ಹೀಗಾದರೆ ಮೊದಲು ನೆರಳಿಗೆ ತಂದು ಮೈಯೆಲ್ಲ ನೆನೆಸಿ ಗಾಳಿ ಹಾಕಿ, ಹಾಗೆ ಹಾಕುತ್ತಲೇ ಆಂಬುಲೆನ್ಸಿಗೆ ಹೇಳಿ ಎಂದಷ್ಟೇ ಹೇಳಿ ಡಾಕ್ಟರಮ್ಮ ಒಳಗೆ ಹೋದರು. ಮೇಸ್ತ್ರಿಗೆ ಎಚ್ಚರವಾಗಲೇ ಇಲ್ಲ.

ಊರಿನಲ್ಲಿ ಮಣ್ಣು ಮಾಡಿದ ದಿನ ಜಗಲಿಯ ಮೇಲೆ ಕೂತವರು ಒಂದೇ ಮಾತಾಡುತ್ತಿದ್ದರು: ಬಿಸಿಲು ಹೊಡೆಯಿತು. ಗಟ್ಟಿ ಆಳು, ಬಿಸಿಲು ಬಲಿ ತಗೊಂಡಿತು. ನನಗೆ ಎದ್ದು ಕೂಗಬೇಕೆನಿಸಿತು. ಬಿಸಿಲು ಬಂದದ್ದು ಕೊನೆಗೆ. ಅದಕ್ಕೆ ಮೊದಲೇ ಅವರ ನಾಲಿಗೆಯ ರುಚಿ ಹೋಗಿತ್ತು, ನಿದ್ದೆ ಹೋಗಿತ್ತು, ಸಿಟ್ಟಿಲ್ಲದ ಮನುಷ್ಯನಿಗೆ ಸಿಟ್ಟು ಬಂದಿತ್ತು, ಬಾಯಲ್ಲಿ ಬೈಗುಳ ಸತ್ತಿತ್ತು. ಒಳಗೆಲ್ಲ ಉರಿದು ಬರಿ ಬೂದಿ ನಿಂತಿದ್ದ ಮೈಯನ್ನು ಬಿಸಿಲು ಮುಟ್ಟಿತು, ಅಷ್ಟೇ. ಪಾತ್ರೆ ಕೋಣೆಯಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಹೌದಣ್ಣ, ನಗು ಬರುವುದಿಲ್ಲ ಅಂತಲೇ ಡಾಕ್ಟರಿಗೆ ಹೇಳಬೇಕಿತ್ತು. ಅದೇ ಕಾಯಿಲೆ.

ಆಷಾಢದಲ್ಲಿ ಭಾಗ್ಯಕ್ಕ ಮದ್ದೂರಿಗೆ ಬಂದಳು. ಕೊಟ್ಟಿಗೆಯ ಮೂಲೆಯಲ್ಲಿ ಮೇಸ್ತ್ರಿಯ ಕೋಲು ಹಾಗೇ ಒರಗಿತ್ತು, ಒಣಗಿದ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತಿಕ್ಕಿದಳು. ಆಮೇಲೆ ಹೊಸದಾಗಿ ಹೊಡೆಸಿದ್ದ ಶೀಟನ್ನು ನೋಡುತ್ತಾ ನಿಂತಳು.

"ನಿಮ್ ಮಾಲೀಕ್ರಿಗೆ ಯೋಳವ್ವ. ಇದ ಕೀಳುಸ್ದಿದ್ರೆ ನಾವು ಇಲ್ಲಿ ಒಲೆ ಹಚ್ಚಾಕಿಲ್ಲ."

"ನೀವೇ ಅಡುಗೆ ಹಿಡೀತೀರಾ ಅಕ್ಕ?"

"ಇನ್ಯಾರು ಇಡೀತಾರೆ? ನಿಂಗನ ಕೈ ವಾಸಿಯಾಗ್ಲಿ."

ಶೀಟು ಕೀಳಿಸಲು ಮಾಲೀಕರಿಗೆ ಮನಸ್ಸಿರಲಿಲ್ಲ. ಅರ್ಧ ಕೀಳಿಸಿದರು. ಇನ್ನರ್ಧವನ್ನು ಒಂದು ಬೆಳಿಗ್ಗೆ ನಿಂಗರಾಜುವೇ ಬಿಚ್ಚಿ ಗೋಡೆಗೆ ಒರಗಿಸಿಟ್ಟ. ಯಾರೂ ಅದನ್ನು ತಿರುಗಿ ಹೊಡೆಸಲಿಲ್ಲ.

ಈ ವರ್ಷವೂ ಯುಗಾದಿ ಕಳೆದ ಮೇಲೆ ಎಲೆ ಅಡಿಕೆಯ ತಟ್ಟೆ ಹಿಡಿದವರು ಬಂದರು. ಒಂದು ಊಟ ಮುಗಿಸಿದ ಮರುದಿನಕ್ಕೆ ಯಾರೇ ಕರೆದರೂ ಭಾಗ್ಯಕ್ಕ ತಟ್ಟೆ ಮುಟ್ಟುವುದಿಲ್ಲ. ಅವಳ ಸ್ವಂತ ಚಿಕ್ಕಪ್ಪನ ಮಗ ನನ್ನ ಕಚೇರಿಯ ಮುಂದೆಯೇ ಕೂಗಾಡಿದ. "ನಿನ್ ಗಂಡ ಇದ್ದಿದ್ರೆ ಇಲ್ಲ ಅಂತಿದ್ನಾ?"

"ಅಂತಿರಲಿಲ್ಲ" ಎಂದಳು ಭಾಗ್ಯಕ್ಕ. "ಅದಕ್ಕೇ ಇಲ್ಲ."

ಅವನು ತಟ್ಟೆ ಎತ್ತಿಕೊಂಡು ಹೋದ. ಬೇರೆಯವರಿಂದ ಅಡುಗೆ ಮಾಡಿಸಿದ. ಇಂದಿಗೂ ಮಾತಾಡಿಸುವುದಿಲ್ಲವಂತೆ.

ಮೊನ್ನೆ ನಮ್ಮಲ್ಲಿ ಬೀಗರ ಊಟವಿತ್ತು. ಹಿಟ್ಟು ತೊಳಸುವ ಹೊತ್ತಿಗೆ ನಾನು ಬಾಗಿಲಿಗೆ ಹೋದೆ. ಆ ಹೊತ್ತಿನಲ್ಲಿ ಕಚೇರಿಯೊಳಗೆ ಕೂರಲು ನನ್ನಿಂದ ಆಗುವುದಿಲ್ಲ. ಮಜ್ಜಿಗೆಯ ಹರವಿ ತನ್ನ ಜಾಗಕ್ಕೆ ಬಂದಿದೆ. ತೆರೆದ ಬದಿಯಿಂದ ಬಿಸಿ ಗಾಳಿಯೇ ಬರುತ್ತಿತ್ತು, ಆದರೂ ಬರುತ್ತಿತ್ತು. ನಿಂಗರಾಜುವಿನ ಎದುರಿಗೆ ಹೊಸಬನೊಬ್ಬ ನಿಂತಿದ್ದ. ನಿಂಗರಾಜುವಿನ ಮುಂಗೈಯ ಮೇಲಿನ ಬಿಳಿ ಕಲೆ ದೂರಕ್ಕೂ ಕಾಣುತ್ತಿತ್ತು. ಇಬ್ಬರೂ ಮಾತಿಲ್ಲದೆ ತೊಳಸುತ್ತಿದ್ದರು. ಪಂಕ್ತಿ ಕೂತಿದೆ, ಬೇಗ ಎಂದು ಯಾರೋ ಹಿಂದಿನಿಂದ ಕೂಗಿದರು.

ಭಾಗ್ಯಕ್ಕ ಈರುಳ್ಳಿ ಬಿಟ್ಟು ಎದ್ದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು ಹೊಸಬನ ಹಿಂದೆ ಹೋಗಿ ಅವನ ಬೆನ್ನಿಗೆ ಅಂಗೈ ಒತ್ತಿದಳು. ಅವನು ನಾಚಿಕೊಂಡು ನುಲಿದ. ಆಮೇಲೆ ತಮ್ಮನ ಹಿಂದೆ ಬಂದು ನಿಂತಳು. ಅವನ ಬೆನ್ನಿನ ಮೇಲೆ ಕೈಯಿಟ್ಟು, ಆ ಕೈಯನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದಳು. ಅಂಗೈ ಹೊಳೆಯಿತು.

"ಒದ್ದೆ ಐತೆ" ಎಂದಳು. "ತೊಳ್ಸು."